ಕಾದೇ ಇರುವ ಕೋಣೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದ ಪುಣ್ಯಾತ್ಮ ಶಾಖಯಂತ್ರದ ಅಂಗಡಿಯ ಮೆಟ್ಟಿಲು ಹತ್ತಿದವನಲ್ಲ. ಹತ್ತಿದ್ದರೆ ಗಾದೆಗೆ ಮೂರನೆಯ ತುಂಡೊಂದನ್ನು ಸೇರಿಸದೆ ಬಿಡುತ್ತಿರಲಿಲ್ಲ. ನೀಲಗಂಗಾ ಮತ್ತು ಅವಳ ಗಂಡ ಚನಮಲ್ಲಪ್ಪ ಬೆಳಿಗ್ಗೆ ಹತ್ತಕ್ಕೆ ಆ ಅಂಗಡಿ ಹೊಕ್ಕವರು ಮಧ್ಯಾಹ್ನ ಎರಡಾದರೂ ಜಗಳ ಮುಗಿಸಿರಲಿಲ್ಲ. ಹೊಸ ಮನೆಯ ಗೋಡೆ ಎದ್ದಾಗಿತ್ತು, ಮಾಳಿಗೆ ಮುಗಿದಿತ್ತು. ಉಳಿದದ್ದು ಒಂದೇ ಮಾತು: ಆ ಮನೆಯನ್ನು ಬೆಚ್ಚಗಿಡುವುದು ಹೇಗೆ, ಅದರೊಳಗೆ ಉಸಿರಾಡುವುದು ಹೇಗೆ?

ವಿಜಯಪುರದ ಸೀಮೆಯಲ್ಲಿ ಇಂಥದೊಂದು ಪ್ರಶ್ನೆ! ಹಿಂದಿನವರು ಕೇಳಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬಾಗಿಲ ಚಿಲಕ ಮುಟ್ಟಿದರೆ ಬೊಬ್ಬೆ ಏಳುವಂಥ ಬಿಸಿಲಿನ ನಾಡು ಅದು. ಆದರೆ ಸುಡುವ ಭೂಮಿಯನ್ನು ತಣಿಸುತ್ತೇವೆಂದು ದೊಡ್ಡ ದೊಡ್ಡ ದೇಶಗಳು ಒಂದಾಗಿ ಆಕಾಶದ ಮೇಲ್ಪದರದಲ್ಲಿ ಗಂಧಕದ ಧೂಳು ತೂರಿದವು. ಧೂಳು ತುಸು ಹೆಚ್ಚಾಯಿತು. ಸಾರಿಗೆ ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು. ಆಕಾಶಕ್ಕೆ ಏನು ಬೆರೆಸುತ್ತೀರಿ? ಸೂರ್ಯ ಮಸುಕಾದ. ಜನ ಆ ಕಾಲಕ್ಕೆ ‘ಮಬ್ಬು’ ಎಂದು ಹೆಸರಿಟ್ಟರು. ಮಬ್ಬಿನ ಎರಡನೇ ವರ್ಷ ಜೋಳದ ತೆನೆಯ ಮೇಲೆ ಹಿಮದ ಹರಳು ಕೂತಿತು. ಕಿಟಕಿಗಳಿಗೆ ಗೋಣಿಚೀಲ ತುರುಕಿ, ಒಳಗೆ ಇದ್ದಿಲ ಅಗ್ಗಿಷ್ಟಿಕೆ ಹಚ್ಚಿ ಮಲಗಿದ ಎಷ್ಟೋ ಮನೆಗಳಲ್ಲಿ ಮರುದಿನ ಬಾಗಿಲು ತೆರೆಯಲಿಲ್ಲ. ಚಳಿಗೆ ಬೆಂಕಿ ಬೇಕು, ಬೆಂಕಿಗೂ ಮನುಷ್ಯನಿಗೂ ಗಾಳಿ ಬೇಕು ಎನ್ನುವುದನ್ನು ಆ ಸೀಮೆ ಹೆಣ ಹೊತ್ತು ಕಲಿಯಿತು.

ಆಮೇಲೆ ಹುಟ್ಟಿದ ಊರು ಕರಿಹಾಳ. ಊರ ನಡುವೆ ಬಿಸಿಬಾವಿ. ಕರಿಗಲ್ಲಿನ ಪದರ ಸೀಳಿಕೊಂಡು ಎರಡು ಮೈಲಿ ಕೆಳಗಿಳಿದ ಕೊಳವೆ ಅದು. ತಣ್ಣೀರು ಇಳಿದು ಕುದಿನೀರಾಗಿ ಮೇಲೆ ಬರುತ್ತದೆ. ಅದರ ಕಾವು ಹತ್ತಿದ ಗಾಳಿ ಓಣಿಗಳ ಕೆಳಗಿನ ಗಾಳಿಗಾಲುವೆಗಳಲ್ಲಿ ಹರಿದು ಮನೆಮನೆಗೆ ಸೇರುತ್ತದೆ. ಮನೆಯಿಂದ ಹೊರಬೀಳುವ ಹಳಸು ಗಾಳಿಯೂ ಸುಮ್ಮನೆ ಹೋಗುವಂತಿಲ್ಲ. ಗೋಡೆಯೊಳಗಿನ ತೆಳು ತಗಡುಗಳ ನಡುವೆ ಹಾಯ್ದು, ತನ್ನ ಕಾವನ್ನು ಒಳಬರುವ ಗಾಳಿಗೆ ಒಪ್ಪಿಸಿಯೇ ಹೋಗಬೇಕು. ಯಂತ್ರದ ವಿಚಾರ ಇಷ್ಟು ತಿಳಿದರೆ ಸಾಕು.

ಚನಮಲ್ಲಪ್ಪ ಆ ಕಾಲುವೆಗಳಿಗೆ ಇಳಿದು ಧೂಳು ತೆಗೆಯುವ ಗ್ಯಾಂಗಿನವನು. ನೀಲಗಂಗಾ ಊರಿಗೆಲ್ಲ ಗಾಳಿ ಹಂಚುವ ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ಕೂರುವವಳು. ಗಂಡ ಹೆಂಡತಿ ಇಬ್ಬರೂ ಒಂದೇ ಕಸುಬಿನವರು. ಜಗಳ ಅಷ್ಟು ಉದ್ದವಾದದ್ದು ಅದಕ್ಕೇ.

ಅಂಗಡಿಯ ಹುಡುಗಿ ಮೂರು ಯಂತ್ರಗಳನ್ನು ತೋರಿಸಿದ್ದಳು. ಮೊದಲನೆಯದು ಹಗಲಿರುಳೂ ಒಂದೇ ಸಮ ಓಡುವಂಥದು, ಶಾಖ ಹಾಳು. ಎರಡನೆಯದಕ್ಕೆ ಕೋಣೆಗೊಂದು ಚಾವಿ, ಕೈಯಿಂದ ತಿರುವಬೇಕು. ಮೂರನೆಯದು ಎಲ್ಲಕ್ಕಿಂತ ಕಡಿಮೆ ಶಾಖ ತಿನ್ನುವಂಥದು. ಮನೆಯವರ ಮಾತು ಕೇಳುತ್ತ, ಯಾರು ಯಾವಾಗ ಬರುತ್ತಾರೆಂದು ಕಲಿತು, ಅವರು ಬರುವ ಹೊತ್ತಿಗೆ ಅವರ ಕೋಣೆಯನ್ನಷ್ಟೇ ಬಿಸಿ ಮಾಡಿ, ಅವರಿಗೆ ಬೇಕಾದಷ್ಟೇ ಹೊಸ ಗಾಳಿ ಬಿಡುತ್ತದೆ.

“ಇದರ ಹೆಸರು ‘ಕಾಯುವ ಮನೆ’ ಅಂತ್ರಿ,” ಎಂದಳು ಹುಡುಗಿ.

“ಕಾಯೂದಂದ್ರ ಯಾವ ಕಾಯೂದವಾ?” ಎಂದ ಚನಮಲ್ಲಪ್ಪ. “ನೀರ ಕಾಯೂದೋ, ಹಾದಿ ಕಾಯೂದೋ, ಹೊಲಾ ಕಾಯೂದೋ?”

“ಮೂರೂ ಮಾಡತೈತ್ರೀ ಅಣ್ಣಾರ.”

“ಹಂಗಾರ ನನ್ನ ಹೇಣ್ತಿಗೆ ಕೆಲಸಾನ ಉಳೀಲಿಲ್ಲ ಬಿಡು.” ನೀಲಗಂಗಾ ಮೊಣಕೈಯಿಂದ ತಿವಿದಳು. ಅವನು ನಗು ನಿಲ್ಲಿಸಿ ತಲೆಯಾಡಿಸಿದ. “ನಂಗ ಎರಡನೇದು ಸಾಕು, ನೀಲಾ. ತಿರುವಿದ್ರ ಗಾಳಿ ಬರ್ತೈತಿ, ತಿರುವಿದ್ರ ನಿಲ್ತೈತಿ. ಗ್ವಾಡಿಗೆ ಕಿವಿ ಅದಾವು ಅಂತ ಹಿರ್ಯಾರು ಹೆದರಸ್ತಿದ್ರು. ನಾವು ಕೈಯಾರೆ ಕಿವಿ ಹಚ್ಚಿಸ್ಕೊಳ್ಳೂದೇನು?”

“ದಾನೂನ ದಮ್ಮು ನೋಡೀರಿಲ್ಲೋ? ಆಕಿ ಉಸಿರು ಹಿಡಕೊಂಡಾಗ ಎದ್ದು ಚಾವಿ ತಿರುವೋರು ಯಾರು? ನಿಮಗರ ಕಣ್ಣು ಹತ್ತಿದ್ರ ಡೊಳ್ಳು ಬಾರ್ಸಿದ್ರೂ ಎಚ್ಚರಿಲ್ಲ.”

ದಾನು ಎಂದರೆ ಅವರ ಒಬ್ಬಳೇ ಮಗಳು ದಾನಮ್ಮ. ಆಗ ಅವಳಿಗೆ ಎಂಟು ವರ್ಷ, ಎದೆಯಲ್ಲಿ ಸದಾ ಒಂದು ಸಿಳ್ಳೆ. ಮಗಳ ಹೆಸರು ಬಂದ ಮೇಲೆ ಚನಮಲ್ಲಪ್ಪ ಸೋತ. ಮೂರನೆಯ ಯಂತ್ರಕ್ಕೇ ಮುಂಗಡ ಕೊಟ್ಟು ಬಂದರು. ಆರಿಸಿದವಳು ನೀಲಗಂಗಾ. ಈ ಮಾತನ್ನು ಆಮೇಲೆ ಅವಳು ಎಷ್ಟು ಸಲ ನೆನೆದಳೋ, ಲೆಕ್ಕವಿಲ್ಲ.

ಹೊಸ ಮನೆಗೆ ಬಂದ ಮೊದಲ ತಿಂಗಳು ನಗೆಪಾಟಲು. ಯಂತ್ರ ಮಾಡಿದವರು ಎಲ್ಲಿಯವರೋ. ನಮ್ಮವರ ಬಾಯಿಯ ಮರ್ಮ ಅವರಿಗೆ ಹೇಗೆ ತಿಳಿಯಬೇಕು? ದೀಪ ಆರಿಸುವಾಗ ‘ದೊಡ್ಡದು ಮಾಡು’ ಎನ್ನುವ ಜನ ನಾವು. ಹೊಸ್ತಿಲು ದಾಟಿ ಹೋಗುವವರು ‘ಹೋಗ್ತೀನಿ’ ಎನ್ನುವುದುಂಟೆ? ‘ಬರ್ತೀನಿ’ ಎನ್ನುತ್ತಾರೆ. ಚನಮಲ್ಲಪ್ಪ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು “ಬರ್ತೀನಿ” ಎಂದು ಹೊರಬಿದ್ದರೆ, ಯಾರೋ ಬರುತ್ತಿದ್ದಾರೆಂದು ಮನೆ ಅವನ ಕೋಣೆಯನ್ನು ಬಿಸಿ ಮಾಡಿಕೊಂಡು ಕೂರುತ್ತಿತ್ತು! ಊರಿನ ಮನೆಗಳಲ್ಲೆಲ್ಲ ಇದೇ ಹಾಡು. ದೂರು ಹೋಯಿತು. ಕಂಪನಿಯವರು ತಿದ್ದಿದರು: ಹೊಸ್ತಿಲಲ್ಲಿ ‘ಬರ್ತೀನಿ’ ಎಂದವರು ಹೋಗಿದ್ದಾರೆ, ಬರುತ್ತಾರೆ, ಅವರು ಬರುವ ಹೊತ್ತಿಗೆ ಕಾಯಬೇಕು. ಎಷ್ಟು ದಿನ ಕಾಯಬೇಕು? ಅದಕ್ಕೆ ಅವಧಿ ಬರೆಯಲಿಲ್ಲ. ದೂರದೂರಿಗೆ ದುಡಿಯಲು ಹೋದವರು ವರ್ಷಗಟ್ಟಲೆ ಬಿಟ್ಟು ಬರುವುದಿಲ್ಲವೆ? ಹಾಗಾಗಿ ಒಂದೇ ನಿಯಮ. ಮನೆಯವರೇ ಹೊಸ್ತಿಲಲ್ಲಿ ನಿಂತು, ಹೆಸರು ಹಿಡಿದು ‘ಹೋದರು’ ಎನ್ನುವವರೆಗೆ ಮನೆ ಕಾಯುತ್ತದೆ. ಕಚೇರಿಯವರು ಕೂತಲ್ಲಿಂದ ಯಾರ ಹೆಸರನ್ನೂ ಅಳಿಸುವಂತಿಲ್ಲ.

ಮನೆಗೆ ಆಡಲು ಬರುತ್ತಿದ್ದುದು ಒಂದೇ ಮಾತು. ಕೋಣೆ ಸಿದ್ಧವಾದಾಗ ಗೋಡೆಯ ಜಾಲರಿಯಿಂದ ಮೆಲ್ಲಗೆ, “ಕಾದಿದೆ.”

ಗಾಳಿ ಹಂಚುವುದು ಹೆಸರಿನ ಮೇಲೆ. ಹೆಸರಿಗೊಂದು ಪಾಲು, ಮಕ್ಕಳಿಗೆ ಅರ್ಧ. ಕಾಲುವೆಗೆ ಇಳಿಯುವವರಿಗೆ ಮಾತ್ರ ಎರಡು ಪಾಲು, ಜೊತೆಗೆ ದಪ್ಪ ಜರಡಿಯಲ್ಲಿ ಸೋಸಿದ ಗಾಳಿ. ಅದಕ್ಕೆ ‘ಧೂಳಿನ ಪಾಲು’ ಎನ್ನುತ್ತಿದ್ದರು. ಸಂಜೆ ಐದೂ ನಲವತ್ತಕ್ಕೆ ಚನಮಲ್ಲಪ್ಪನ ಕೋಣೆಯ ಕಿಂಡಿ ತೆರೆದು ಉಸ್ಸೆಂದು ಹಳೆಯ ಗಾಳಿಯನ್ನು ಹೊರಗೆಳೆಯುತ್ತಿತ್ತು. ಆಮೇಲೆ ಬಿಸಿ. ಆಮೇಲೆ “ಕಾದಿದೆ.” ಅವನ ತಾಯಿ ಸಂಗವ್ವ ಚಹಾಕ್ಕೆ ನೀರಿಡುತ್ತಿದ್ದುದು ಆ ಮಾತು ಕೇಳಿಯೇ.

ಮೂರನೇ ಗಾಳಿಗಾಲುವೆ ಕುಸಿದದ್ದು ಮರುವರ್ಷದ ಪುಷ್ಯಮಾಸದಲ್ಲಿ, ಒಂದು ಮಂಗಳವಾರ. ಒಳಗಿದ್ದವರು ಮೂವರು. ಇಬ್ಬರ ಹೆಣ ತೆಗೆದರು. ಇನ್ನೂ ಅಗೆದರೆ ಓಣಿಯೇ ಕೂರುತ್ತದೆಂದು ಆ ತುಂಡಿಗೆ ಕಾಂಕ್ರೀಟು ಸುರಿದು ಮುಚ್ಚಿದರು. ಚನಮಲ್ಲಪ್ಪ ಒಳಗೇ ಉಳಿದ.

ಹೆಣವಿಲ್ಲದ ಮನೆಗೆ ಜನ ಬಂದು ಕೂತರು. ಐನೋರು ಫೋಟೋಕ್ಕೆ ವಿಭೂತಿ ಹಚ್ಚಿ ಪೂಜೆ ಮಾಡಿದರು. “ಲಿಂಗೈಕ್ಯ ಆದ್ರು,” ಎಂದರು ಐನೋರು. “ಶಿವನ ಪಾದ ಸೇರಿದ ನನ್ನ ಕೂಸು,” ಎಂದಳು ಸಂಗವ್ವ. ಬಂದವರಲ್ಲಿ ಕೆಲವರು ‘ತೀರಿಕೊಂಡ’ ಎಂದರು, ಕೆಲವರು ‘ಕಣ್ಣು ಮುಚ್ಚಿದ’ ಎಂದರು. ಇಷ್ಟೆಲ್ಲ ಮಾತಿನ ನಡುವೆ ‘ಹೋದರು’ ಎಂಬ ಆ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ಗಂಟೆ ಐದೂ ನಲವತ್ತಾಯಿತು. ಮುಚ್ಚಿದ ಕೋಣೆಯಿಂದ ಉಸ್ಸೆಂಬ ದನಿ ಬಂತು. ಚಾಪೆಯ ಮೇಲೆ ಕೂತವರು ಅಳು ನಿಲ್ಲಿಸಿ ಅತ್ತ ನೋಡಿದರು. ಬಾಗಿಲ ಸಂದಿನಿಂದ ಬೆಚ್ಚನೆಯ ಗಾಳಿ ಬಂದು ಎಲ್ಲರ ಕಾಲು ಮುಟ್ಟಿತು.

“ಕಾದಿದೆ,” ಎಂದಿತು ಮನೆ.

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಬ್ಬಳು ಚಪ್ಪಲಿ ಮರೆತು ಹೊರಗೆ ಓಡಿದಳು. ಸಂಗವ್ವ ಮಾತ್ರ ಎದ್ದು ಒಲೆಯ ಕಡೆ ನಡೆದಳು. ಅರ್ಧ ದಾರಿಗೆ ಹೋಗಿ, ಚಹಾ ಯಾರಿಗೆ ಎಂದು ನೆನಪಾಗಿ, ಅಲ್ಲೇ ಕುಸಿದು ಕೂತಳು. ಆ ದಿನ ಶುರುವಾದದ್ದು, ದಿನವೂ. ನೀಲಗಂಗಾ ಅದಕ್ಕೆ ಒಗ್ಗಿಕೊಳ್ಳಲಿಲ್ಲ, ಅದನ್ನು ನಿಲ್ಲಿಸಲೂ ಇಲ್ಲ. ಹೇಗೆ ನಿಲ್ಲಿಸಿಯಾಳು? ‘ಬರ್ತೀನಿ’ ಎಂದು ಹೇಳಿ ಹೋದ ಗಂಡಸು. ಹೆಣ ಕಂಡವರಿಲ್ಲ. ಗೋಡೆಗಿದ್ದ ನಂಬಿಕೆ ಹೆಂಡತಿಗೆ ಇರಬಾರದೆ?

ಹನ್ನೊಂದು ತಿಂಗಳು ಕಳೆದವು. ಒಂದು ಬೆಳಿಗ್ಗೆ ನಿಯಂತ್ರಣ ಕೊಠಡಿಯಲ್ಲಿ ಮುಖ್ಯ ಎಂಜಿನಿಯರ್ ಮುಜಾವರ್ ಸಾಹೇಬರು ಎಲ್ಲರನ್ನೂ ಪರದೆಯ ಮುಂದೆ ಕರೆದರು.

“ಬಿಸಿಬಾವಿ ಕಾವು ಇಳ್ಯಾಕತ್ತೈತಿ. ಕೊನೇ ಓಣಿಯ ಹನ್ನೆರಡು ಮನಿಗೆ ಬರೇ ತಣ್ಣನ್ ಗಾಳಿ ಹೊಂಟೈತಿ. ನಿನ್ನೆ ಹೋಗಿ ನೋಡಿ ಬಂದೆ. ಮತ್ತ ಅಗ್ಗಿಷ್ಟಿಕಿ ಹಚ್ಯಾರ. ಬಾಗಲಾ ಮುಚ್ಚಿ.” ಮಬ್ಬಿನ ಮೊದಲ ವರ್ಷಗಳನ್ನು ಮರೆತವರು ಯಾರೂ ಅಲ್ಲಿರಲಿಲ್ಲ. “ಮತ್ತ ನಮ್ಮ ಕಾವು ಎಲ್ಲಿ ಹೊಂಟೈತಿ? ಇಲ್ಲಿ ನೋಡ್ರಿ.”

ಪರದೆಯ ಮೇಲೆ ಊರಿನ ನಕ್ಷೆ. ಅದರಲ್ಲಿ ಅರವತ್ತೊಂದು ಕೆಂಪು ಚುಕ್ಕೆ. ಹೆಸರಿದೆ, ಉಸಿರಿಲ್ಲ. ಅರವತ್ತೊಂದು ಕೋಣೆಗಳು ಸತ್ತವರಿಗಾಗಿ ದಿನವೂ ಬಿಸಿಯಾಗುತ್ತಿದ್ದವು, ಹೊಸ ಗಾಳಿ ತುಂಬಿಕೊಳ್ಳುತ್ತಿದ್ದವು. ಊರಿಗೆ ಊರೇ ‘ಲಿಂಗೈಕ್ಯ’, ‘ತೀರಿಕೊಂಡರು’, ‘ಅಲ್ಲಾಹನ ಕರೆ ಬಂತು’ ಎಂದಿತ್ತೇ ಹೊರತು ‘ಹೋದರು’ ಎಂದಿರಲಿಲ್ಲ.

“ಅಮಾಸಿ ಒಳಗ ಎಲ್ಲಾ ಮನ್ಯಾಗೂ ಹೆಸರು ಎಷ್ಟೋ ಉಸಿರು ಅಷ್ಟ ಆಗಬೇಕು. ನಾವು ಇಲ್ಲಿಂದ ಅಳಸಾಕ ಬರೂದಿಲ್ಲ. ಮನಿಮನಿಗೆ ಹೋಗಿ ಅವರ ಬಾಯಿಂದನ ಅನಿಸಬೇಕು.” ಸಾಹೇಬರು ನೀಲಗಂಗಾಳ ಕಡೆ ನೋಡದೆ ಹೇಳಿದರು, “ಅಕ್ಕಾರ, ಹೆಣ್ಮಕ್ಕಳು ನಿಮ್ಮ ಮಾತು ಕೇಳ್ತಾರ. ನೀವು ಹೋಗ್ರಿ.”

ಕೆಂಪು ಚುಕ್ಕೆಗಳಲ್ಲಿ ಒಂದು ಅವಳ ಮನೆಯದು. ಅದು ಅವರಿಗೂ ಗೊತ್ತಿತ್ತು.

ನೀಲಗಂಗಾ ಹೋದಳು. ದಿನಕ್ಕೆ ಐದಾರು ಮನೆ. ಕೆಲವರು ಕೂಗಾಡಿದರು, ಕೆಲವರು ಅವಳ ಕಾಲಿಗೇ ಬಿದ್ದರು. ಒಬ್ಬಾಕೆ ‘ಹೋದರು’ ಎಂದದ್ದೇ ತಡ, ಎರಡೂ ಕೈಯಿಂದ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಮಾತು ಬಿದ್ದ ಕೂಡಲೇ ಕಿಂಡಿ ಟಪ್ಪೆಂದು ಮುಚ್ಚಿಕೊಳ್ಳುತ್ತಿತ್ತು. ಆಗ ಮನೆಯಲ್ಲಿ ಹೊಸದಾಗಿ ಅಳು ಏಳುತ್ತಿತ್ತು, ಸಾವು ಆ ಗಳಿಗೆಗೇ ಆದ ಹಾಗೆ. ಅವಳು ಪಟ್ಟಿಯಲ್ಲಿ ಗುರುತು ಹಾಕಿಕೊಂಡು ಮುಂದಿನ ಮನೆಗೆ ನಡೆಯುತ್ತಿದ್ದಳು.

ಕೊನೆಗೆ ಉಳಿದದ್ದು ಎರಡು. ಒಂದು ರೇವಣಸಿದ್ಧ ಮಾಸ್ತರರ ಮನೆ. ಅವರ ಹೆಂಡತಿ ಕಾಶವ್ವ ಸತ್ತು ಎರಡು ವರ್ಷ. ಮಾಸ್ತರರು ಕಾಶವ್ವನ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

“ದವಾಖಾನಿಗೆ ಹೋಗುವಾಗ ‘ಬರ್ತೀನ್ರೀ, ಅನ್ನದ ಗಡಿಗಿ ಮ್ಯಾಲೆ ಮುಚ್ಚಳಾ ಇಡ್ರಿ’ ಅಂದ್ಲು,” ಎಂದರು. “ನಾ ಮುಚ್ಚಳಾ ಇಟ್ಟೆ. ಆಕಿ ಬರಲಿಲ್ಲ.”

“ಕೊನೇ ಓಣ್ಯಾಗ ಸಣ್ಣ ಕೂಸುಗಳು ಅದಾವ್ರಿ ಮಾಸ್ತರ. ತಣ್ಣನ್ ಗಾಳಿಗೆ ಹೆದರಿ ಅಗ್ಗಿಷ್ಟಿಕಿ ಹಚ್ಕೊಂಡು ಮಲಗ್ತಾವ.”

ಮಾಸ್ತರರು ಎದ್ದು, ಟೋಪಿ ಸರಿಮಾಡಿಕೊಂಡು, ಹೊಸ್ತಿಲಲ್ಲಿ ನಿಂತು, ಶಾಲೆಯಲ್ಲಿ ಹಾಜರಿ ಕೂಗುವ ದನಿಯಲ್ಲಿ ಹೇಳಿದರು: “ಕಾಶವ್ವ ಹೋದರು.”

ಟಪ್. ಕಿಂಡಿ ಮುಚ್ಚಿತು. ಕೋಣೆ ತಣ್ಣಗಾಗುವುದನ್ನು ಇಬ್ಬರೂ ನಿಂತು ಅನುಭವಿಸಿದರು. ಮಾಸ್ತರರು ತಿರುಗಿ ಕೇಳಿದರು, “ನೀ ನಿನ್ನ ಮನ್ಯಾಗ ಅಂದಿಯೇನವಾ?”

ನೀಲಗಂಗಾ ಇಲ್ಲವೆಂದು ತಲೆಯಾಡಿಸಿದಳು. ಮಾಸ್ತರರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹೂಂ,” ಎಂದಷ್ಟೇ ಅಂದು ಕುರ್ಚಿಯನ್ನು ಎತ್ತಿಕೊಂಡು ಪಡಸಾಲೆಗೆ ಹೋದರು.

ಅವಳು ನಿಯಂತ್ರಣ ಕೊಠಡಿಗೆ ಮರಳಿದಾಗ ಸಂಜೆ ಐದೂ ಮುಕ್ಕಾಲು. ನಾಳೆ ಅಮಾವಾಸ್ಯೆ. ನಕ್ಷೆಯಲ್ಲಿ ಒಂದೇ ಕೆಂಪು ಚುಕ್ಕೆ. ಅದನ್ನೇ ನೋಡುತ್ತ ಕೂತಳು. ಆಡಬೇಕು, ಇವತ್ತೇ ಆಡಿಬಿಡಬೇಕು, ಊರಿಗೆಲ್ಲ ಬುದ್ಧಿ ಹೇಳಿ ಬಂದವಳು ನಾನು ಎಂದುಕೊಳ್ಳುತ್ತಿದ್ದಳು. ಆಗ ಚುಕ್ಕೆ ಹಸಿರಾಯಿತು.

ನೀಲಗಂಗಾ ಕಣ್ಣುಜ್ಜಿಕೊಂಡಳು. ಚುಕ್ಕೆಯ ಪಕ್ಕದಲ್ಲಿ ಅಕ್ಷರಗಳು ಮೂಡಿದವು.

‘ಚನಮಲ್ಲಪ್ಪ: ಬಂದರು. 5.52.’

ಕುರ್ಚಿ ಹಿಂದಕ್ಕೆ ಬಿದ್ದದ್ದು ಅವಳಿಗೆ ಕೇಳಲಿಲ್ಲ. ಓಣಿಯಲ್ಲಿ ಓಡುವಾಗ ತಲೆಯಲ್ಲಿ ಒಂದೇ ಲೆಕ್ಕಾಚಾರ: ಕಾಂಕ್ರೀಟು ಒಡೆದು ಬಂದನೇ? ಯಾವ ಕಿಂಡಿಯಿಂದ ಬಂದ? ಹನ್ನೊಂದು ತಿಂಗಳು ಏನು ತಿಂದ? ದೇವರೇ, ಇವತ್ತು ನಾನು ಆ ಮಾತು ಆಡಿಬಿಟ್ಟಿದ್ದರೆ!

ಬಾಗಿಲು ತಳ್ಳಿದಳು. ಪಡಸಾಲೆಯಲ್ಲಿ ಸಂಗವ್ವ ಬೆರಳನ್ನು ತುಟಿಯ ಮೇಲಿಟ್ಟು ಕೂತಿದ್ದಳು. “ಸಾವಕಾಶ. ಮಲಗ್ಯಾಳ.”

ಗಂಡನ ಕೋಣೆಯಲ್ಲಿ, ಗಂಡನ ಮಂಚದ ಮೇಲೆ ದಾನು ಮಲಗಿದ್ದಳು. ಮೈಮೇಲೆ ಅಪ್ಪನ ಕೆಲಸದ ಕೋಟು, ಒಗೆಯಲೆಂದು ಬಿಟ್ಟುಹೋಗಿದ್ದ ಇನ್ನೊಂದು ಕೋಟು. ಅದರ ಎದೆಯ ಮೇಲೆ ಗ್ಯಾಂಗಿನವರ ತಗಡಿನ ಬಿಲ್ಲೆ. ಬಿಲ್ಲೆಯನ್ನು ಗುರುತಿಸಿದ ಮನೆ, ಅದರ ಕೆಳಗೊಂದು ಉಸಿರು ಕಂಡು, ಯಜಮಾನ ಬಂದನೆಂದು ಬರೆದುಕೊಂಡಿತ್ತು.

ನೀಲಗಂಗಾ ಗೋಡೆ ಹಿಡಿದು ನಿಂತಳು. ಆಗ ಅವಳಿಗೆ ಬೇರೆಯೇ ಏನೋ ಕೇಳಿಸಿತು, ಅಲ್ಲ, ಕೇಳಿಸಲಿಲ್ಲ. ಸಿಳ್ಳೆ ಇರಲಿಲ್ಲ. ಹುಟ್ಟಿದಾಗಿನಿಂದ ಮಗಳ ಎದೆಯಲ್ಲಿದ್ದ ಆ ಸಿಳ್ಳೆ ಇರಲಿಲ್ಲ. ದಾನು ಬಾಯಿ ಮುಚ್ಚಿಕೊಂಡು, ಮೂಗಿನಿಂದ, ಎಲ್ಲ ಮಕ್ಕಳ ಹಾಗೆ ಉಸಿರಾಡುತ್ತಿದ್ದಳು.

“ಎಷ್ಟ್ ದಿನಾ ಆತ್ರೀ ಅತ್ತಿ ಇದು?”

“ನಾಕ್ ತಿಂಗಳಾತು. ನೀ ಬರೂಕಿಂತ ಮೊದ್ಲ ಎಬ್ಬಸ್ತಿದ್ದೆ. ಬರೇ ಚಾದರ ಹೊದ್ಕೊಂತಿತ್ತು, ಇವತ್ತ ಕೋಟು ಹಾಕ್ಕೊಂಡೈತಿ.” ಮುದುಕಿ ಕಣ್ಣೊರೆಸಿಕೊಂಡಳು. “‘ಅಪ್ಪನ ಖೋಲ್ಯಾಗ ಉಸಿರು ಸಲೀಸ ಆಡತೈತಿ ಆಯಿ’ ಅಂತು. ಬ್ಯಾಡ ಅನ್ಲಿ ಹೆಂಗ?”

ಧೂಳಿನ ಪಾಲು! ಎರಡು ಪಾಲು ಹೊಸ ಗಾಳಿ, ದಪ್ಪ ಜರಡಿಯಲ್ಲಿ ಸೋಸಿದ್ದು. ದಾನುವಿಗೆ ಅದನ್ನೇ ಕೊಡಿರೆಂದು ನೀಲಗಂಗಾ ಎರಡು ಸಲ ಅರ್ಜಿ ಹಾಕಿದ್ದಳು. ಅದು ಕೆಲಸಗಾರರ ಹೆಸರಿಗೆ ಮಾತ್ರ, ರೋಗಕ್ಕೆ ಅಲ್ಲ ಎಂದು ಎರಡು ಸಲವೂ ಹಿಂದಿರುಗಿ ಬಂದಿತ್ತು. ಈಗ ಗಂಡನ ಹೆಸರು ಅಳಿದರೆ ಈ ಕಿಂಡಿ ಮುಚ್ಚುತ್ತದೆ. ಮಗಳು ತನ್ನ ಅರ್ಧ ಪಾಲಿಗೆ, ತನ್ನ ಸಿಳ್ಳೆಗೆ ಮರಳುತ್ತಾಳೆ. ಹೆಸರು ಉಳಿಸಿದರೆ ಕೊನೆಯ ಓಣಿಯ ಇದ್ದಿಲು ಕಣ್ಣಿಗೆ ಕಟ್ಟುತ್ತದೆ, ಕುರ್ಚಿ ಎತ್ತಿಕೊಂಡು ಹೋದ ಮಾಸ್ತರರು ಕಣ್ಣಿಗೆ ಕಟ್ಟುತ್ತಾರೆ.

ನೀರ ಕಾಯೂದೋ, ಹಾದಿ ಕಾಯೂದೋ, ಹೊಲಾ ಕಾಯೂದೋ ಎಂದು ಕೇಳಿದ್ದನಲ್ಲ ಪುಣ್ಯಾತ್ಮ. ಮೂರನೆಯದು ಇದು. ಅವನು ಮಗಳನ್ನು ಕಾಯುತ್ತಿದ್ದ. ನೀಲಗಂಗಾ ಬಾಯಿಗೆ ಸೆರಗು ತುರುಕಿಕೊಂಡು, ಹನ್ನೊಂದು ತಿಂಗಳು ಅಳದಿದ್ದ ಅಳುವನ್ನು ಹೊಸ್ತಿಲಲ್ಲಿ ಕೂತು ಅತ್ತಳು.

ಮರುದಿನ ಬೆಳಿಗ್ಗೆ ಎಂದಿನಂತೆ ರೊಟ್ಟಿ ಬಡಿದಳು. ಮಗಳ ಜಡೆ ಹೆಣೆದಳು. ತನ್ನ ಎರಡು ಕಂಬಳಿಗಳನ್ನು ಬಿಸಿಲಿಗೆ ಹಾಕಿದಳು. ಮಬ್ಬಿನ ಬಿಸಿಲು, ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕೆಲಸಕ್ಕೆ ಹೊರಟು ಹೊಸ್ತಿಲ ಮೇಲೆ ನಿಂತಳು.

“ಅತ್ತಿ, ಇವತ್ತ ಆ ಮಾತು ಅನ್ನಬೇಕ್ರಿ. ಅಮಾಸಿ.”

ಸಂಗವ್ವ ಮೊಮ್ಮಗಳನ್ನು ಎದೆಗೆ ಅವುಚಿಕೊಂಡಳು. “ನಿನ್ನ ಗಂಡ. ನಿನ್ನ ಬಾಯಿ. ನಾ ಏನ್ ಹೇಳ್ಲವಾ?”

ಮನೆಯಲ್ಲಿ ಹೆಸರು ನಾಲ್ಕು: ಸಂಗವ್ವ, ಚನಮಲ್ಲಪ್ಪ, ನೀಲಗಂಗಾ, ದಾನಮ್ಮ. ಉಸಿರು ಮೂರು. ಒಂದು ಹೆಸರು ಕಡಿಮೆಯಾಗಬೇಕು ಎಂದಿದ್ದರೇ ಹೊರತು, ಯಾವುದು ಎಂದು ಯಾರೂ ಹೇಳಿರಲಿಲ್ಲ. ನೀಲಗಂಗಾ ಗೋಡೆಯ ಜಾಲರಿಯ ಕಡೆ ಮುಖ ಮಾಡಿದಳು. ಹುಟ್ಟಿದ ಮೇಲೆ ಒಮ್ಮೆಯೂ ಆಡದ, ಅವಳ ತಾಯಿ, ತಾಯಿಯ ತಾಯಿ ಯಾರೂ ಹೊಸ್ತಿಲ ಮೇಲೆ ಆಡದ ಮಾತನ್ನು ಸ್ಪಷ್ಟವಾಗಿ ಆಡಿದಳು.

“ನಾನು ಹೋಗ್ತೀನಿ.” ಒಂದು ಗಳಿಗೆ ತಡೆದು, ನಿಯಮದ ಪ್ರಕಾರ: “ನೀಲಗಂಗಾ ಹೋದರು.”

ಟಪ್. ಅವಳ ಕೋಣೆಯ ಕಿಂಡಿ ಮುಚ್ಚಿತು.

“ಬಿಡ್ತು ಅನ್ನ!” ಸಂಗವ್ವ ಕಿರುಚಿದಳು. “ಏ ಹುಚ್ಚಿ, ಬಿಡ್ತು ಅನ್ನ! ಮುತ್ತಿನಂಥ ಬಾಯಾಗ ಎಂಥಾ ಮಾತು ಆಡಿದಿ! ಅನ್ನ, ಬಿಡ್ತು ಅನ್ನ!”

“ಬಿಡ್ತು, ಬಿಡ್ತು,” ಎಂದಳು ನೀಲಗಂಗಾ, ಅತ್ತೆಯ ಸಮಾಧಾನಕ್ಕೆ. ಮನೆಗೆ ಆ ಮಾತು ತಿಳಿಯಲಿಲ್ಲ. ಅದನ್ನು ಯಾರೂ ಕಲಿಸಿರಲಿಲ್ಲ.

ಕೊಠಡಿಯಲ್ಲಿ ಮುಜಾವರ್ ಸಾಹೇಬರು ಪಟ್ಟಿ ಹಿಡಿದು ಕೂತಿದ್ದರು. ನಕ್ಷೆಯಲ್ಲಿ ಕೆಂಪು ಚುಕ್ಕೆ ಒಂದೂ ಇರಲಿಲ್ಲ. ಕೊನೆಯ ಓಣಿಗೆ ನಸುಬಿಸಿ ಗಾಳಿ ಹರಿಯತೊಡಗಿತ್ತು. ಸಾಹೇಬರು ಕೊನೆಯ ಸಾಲನ್ನು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ಅಕ್ಕಾರ. ಇಲ್ಲಿ ನಿಮ್ಮ ಹೆಸರು ಬಂದೈತಿ.”

“ಹೌದ್ರಿ. ಹೆಸರು ಮೂರು, ಉಸಿರು ಮೂರು. ಸರಿ ಐತೇನ್ ನೋಡ್ರಿ.”

“ಸರಿ ಏನೋ ಐತಿ...” ಸಾಹೇಬರು ಹೊರಗೆ ನೋಡಿದರು. “ಧೂಳಿನ ಪಾಲು ಎರಡು. ನಿಮ್ಮದು ಒಂದ.”

“ಗೊತ್ತೈತ್ರಿ. ಮಿಕ್ಕ ಒಂದರ ಪಾಪ ನನಗಿರಲಿ.”

“ಚಳಿ ಇನ್ನೂ ಎರಡು ತಿಂಗಳೈತಿ, ಅಕ್ಕಾರ.”

“ಕಂಬಳಿ ಅದಾವ್ರಿ.”

ಸಾಹೇಬರು ಪಟ್ಟಿಯ ಕೆಳಗೆ ಸಹಿ ಹಾಕಿದರು. ಮಧ್ಯಾಹ್ನ ಚಹಾ ಬಂದಾಗ ತಮ್ಮ ಲೋಟವನ್ನೂ ಅವಳ ಮುಂದೆ ಸರಿಸಿ ಎದ್ದುಹೋದರು.

ಸಂಜೆ ನೀಲಗಂಗಾ ಎಂದಿಗಿಂತ ಬೇಗ ಮನೆಗೆ ಬಂದಾಗ ಮನೆ ಅವಳಿಗಾಗಿ ಏನೂ ಮಾಡಲಿಲ್ಲ. ದಿನವೂ ಅವಳ ಹೆಜ್ಜೆಗೆ ಹತ್ತಿಕೊಳ್ಳುತ್ತಿದ್ದ ಪಡಸಾಲೆಯ ದೀಪ ಹತ್ತಲಿಲ್ಲ. ಅವಳ ಕೋಣೆ ಕಲ್ಲಿನಂತೆ ತಣ್ಣಗಿತ್ತು. ಉಸಿರು ಬಿಟ್ಟರೆ ಹೊಗೆಯಾಗಿ ಕಾಣುತ್ತಿತ್ತು. ಜಾಲರಿಯ ಮುಂದೆ ನಿಂತು ಕೆಮ್ಮಿದಳು. ಕೈ ಬೀಸಿದಳು. ಊಹೂಂ. ಮನೆಯ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ. ಸತ್ತವನಿಗೆ ಜಾಗವಿದ್ದ ಮನೆಯಲ್ಲಿ ಬದುಕಿದವಳು ದೆವ್ವವಾಗಿದ್ದಳು.

“ಅವ್ವಾ, ನಿನ್ನ ಖೋಲಿ ಯಾಕ ಇಷ್ಟ್ ಥಂಡಿ ಐತಿ?” ದಾನು ಬಾಗಿಲಲ್ಲಿ ನಿಂತು ಕೇಳಿದಳು.

“ನಂಗ ಸೆಕಿ ಆಗತೈತಿ. ನೀ ಹೋಗು, ಅಪ್ಪನ ಖೋಲ್ಯಾಗ ಮಲಕೋ. ಇನ್ನ ಕದ್ದು ಮಲಗೂದು ಬ್ಯಾಡ.”

ಮಗಳ ಮುಖ ಅರಳಿತು. ಅಪ್ಪನ ಕೋಟು ಎಳೆದುಕೊಂಡು ಓಡಿದಳು.

ಐದೂ ನಲವತ್ತು. ಗಂಡನ ಕೋಣೆಯ ಕಿಂಡಿ ಉಸ್ಸೆಂದು ತೆರೆಯಿತು. ಎರಡು ಕಂಬಳಿ ಹೊದ್ದ ನೀಲಗಂಗಾ ಗೋಡೆಗೆ ಕಿವಿಯಿಟ್ಟು ಕೂತಳು. ಆಚೆ ಮಗಳ ಉಸಿರು ಸಲೀಸಾಗಿ ಬರುತ್ತ ಹೋಗುತ್ತ ಇತ್ತು, ಸಿಳ್ಳೆಯಿಲ್ಲದೆ. ಬಾಗಿಲ ಸಂದಿನಿಂದ ಬಂದ ಬೆಚ್ಚನೆಯ ಗಾಳಿ ಅವಳ ಪಾದವನ್ನು ಒಂದಿಷ್ಟು ಮುಟ್ಟಿತು.

“ಕಾದಿದೆ,” ಎಂದಿತು ಮನೆ, ಅವಳಿಗಲ್ಲ.

ಹನ್ನೊಂದು ತಿಂಗಳಲ್ಲಿ ಮೊದಲ ಸಲ ನೀಲಗಂಗಾ ಅದಕ್ಕೆ ಉತ್ತರ ಕೊಟ್ಟಳು.

“ಹೂಂ,” ಎಂದಳು. “ಹಿಂಗ ಕಾಯ್ಕೋತ ಇರ್ರಿ.”